‘ವೆರಿ’ ಎಂಬ ಹಳೆಯ ನಿಜ

ಮಕ್ಕಳ ನೋಟ್‌ಬುಕ್ಕಿನಲ್ಲಿ ‘ವೆರಿ ಗುಡ್’ ಎಂದು ನಾನು ಎಷ್ಟು ಸಲ ಬರೆದಿರುವೆನೋ ಲೆಕ್ಕವಿಲ್ಲ. ಆ ‘ವೆರಿ’ ಎಲ್ಲಿಂದ ಬಂತೆಂದು ಯಾವ ಮಗುವೂ ಕೇಳಲಿಲ್ಲ. ನಾನೇ ಕುತೂಹಲಕ್ಕೆ ಹುಡುಕಿದೆ.

ಲ್ಯಾಟಿನ್ನಿನಲ್ಲಿ ‘ವೇರುಸ್’ ಎಂದರೆ ನಿಜ. ಅದು ಹಳೆಯ ಫ್ರೆಂಚಿನಲ್ಲಿ ‘ವೆರೈ’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ ಫ್ರೆಂಚಿನದೇ ದರ್ಬಾರು. ಮುಂದೆ ಅದರ ಸಾವಿರಾರು ಪದಗಳು ಇಂಗ್ಲಿಷಿಗೆ ಬಂದವು, ಇದೂ ಬಂತು. 14ನೆಯ ಶತಮಾನದ ಕವಿ ಚಾಸರನಲ್ಲಿ ಅದಕ್ಕೆ ಹೆಚ್ಚಾಗಿ ‘ನಿಜವಾದ’ ಎಂಬ ಅರ್ಥವೇ ಇದೆ. ‘ಬಹಳ’ ಎನ್ನಲು ಆಗಿನವರು ‘ಫುಲ್’, ‘ರೈಟ್’ ಎನ್ನುತ್ತಿದ್ದರು. ‘ಫುಲ್’ ಎಂದರೆ ತುಂಬಿದ್ದು. ನಮ್ಮ ‘ತುಂಬಾ’ ಕೂಡ ‘ತುಂಬು’ವಿನಿಂದಲೇ ಹುಟ್ಟಿತಲ್ಲವೇ? ‘ನಿಜವಾಗಿ ಒಳ್ಳೆಯದು’ ಎನ್ನುತ್ತ ಎನ್ನುತ್ತ ‘ವೆರಿ’ಯೊಳಗಿನ ನಿಜ ಸವೆದು ‘ಬಹಳ’ ಮಾತ್ರ ಉಳಿಯಿತು. ಆಮೇಲೆ ‘ರಿಯಲಿ’ ಬಂತು. ಅದರ ಗತಿಯೂ ಇದೇ. ಭಯ ತುಂಬಿದ್ದ ‘ಟೆರಿಬ್ಲಿ’ ಹೊಗಳಿಕೆಗೂ ಒದಗಿತು, ನಾವು ‘ಊಟ ಭಯಂಕರ ಚೆನ್ನಾಗಿತ್ತು’ ಎನ್ನುವ ಹಾಗೆ.

ಭಾಷೆಯ ಸಹಜ ನಡೆ ಇದು. ಆದರೆ ದೂರು ಮಾತ್ರ ಹೆಂಗಸರ ಮೇಲೆ! 1754ರಲ್ಲಿ ‘ದಿ ವರ್ಲ್ಡ್’ ಎಂಬ ಲಂಡನ್ ಪತ್ರಿಕೆಯಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ಹೆಂಗಸರ ಮಾತನ್ನು ಗೇಲಿ ಮಾಡಿದ. ‘ವಾಸ್ಟ್’ ಎಂದರೆ ವಿಶಾಲ. ಮಹಿಳೆಯೊಬ್ಬಳು ಪುಟ್ಟ ನಶ್ಯದ ಡಬ್ಬಿಯನ್ನು ‘ವಾಸ್ಟ್‌ಲಿ’ ಚಿಕ್ಕದು ಎಂದಳಂತೆ. 1922ರಲ್ಲಿ ಡೆನ್ಮಾರ್ಕಿನ ಭಾಷಾವಿದ್ವಾಂಸ ಒಟ್ಟೋ ಯೆಸ್ಪರ್ಸನ್ ತನ್ನ ಗ್ರಂಥದಲ್ಲಿ ಹೆಂಗಸಿನ ಮಾತಿಗೆಂದೇ ಒಂದು ಅಧ್ಯಾಯವಿಟ್ಟು, ಈ ಕಥೆಯನ್ನು ಮತ್ತೆ ಹೇಳಿದ. ಗಂಡಸಿನ ಮಾತಿಗೆ ಅಲ್ಲಿ ಬೇರೆ ಅಧ್ಯಾಯವಿಲ್ಲ.

ಇದು ಬರೀ ನಗೆಮಾತಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಕೆಲವು ವರ್ಷಗಳ ಹಿಂದೆ ನನ್ನ ನಾದಿನಿ ‘ತುಂಬಾ ಹೊಟ್ಟೆನೋವು’ ಎಂದು ಹೋದಾಗ ವೈದ್ಯರೊಬ್ಬರು, “ಹೆಂಗಸರಿಗೆ ಎಲ್ಲವೂ ತುಂಬಾನೇ” ಎಂದು ಎರಡು ಮಾತ್ರೆ ಕೊಟ್ಟು ಕಳಿಸಿದರು. ಮರುದಿನವೇ ಬೇರೆ ಊರಿನಲ್ಲಿ ಅವಳಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯವರು.

ಹೇಳಿದ್ದನ್ನು ಕೇಳುವವರು ಸುಮ್ಮನೆ ನಂಬುವಂತಿದ್ದರೆ ‘ನಿಜವಾಗಿಯೂ’, ‘ತುಂಬಾ’, ‘ದೇವರಾಣೆ’ ಎಂದೆಲ್ಲ ಯಾರು ಸೇರಿಸುತ್ತಾರೆ? ನಂಬದವರ ಮುಂದೆ ಮಾತಿಗೆ ಬಲ ಬೇಕಾಗುತ್ತದೆ. ಹಾಗೆಂದು ಬಲ ಕೊಟ್ಟರೆ ‘ಬಣ್ಣ ಕಟ್ಟುತ್ತಾಳೆ’ ಎಂಬ ಮಾತು ಬೇರೆ. ಮನೆಯಲ್ಲಿ ಮಗಳೋ ಸೊಸೆಯೋ ‘ತುಂಬಾ’ ಎಂದಾಗ, ಅದು ಹೆಚ್ಚಾಯಿತೆಂದು ನಗುವ ಮೊದಲು ಹತ್ತಿರ ಕೂತು ಏನಾಯಿತೆಂದು ಕೇಳೋಣ.