ಹಾರುವ ಓತಿ ಯಾವ ಕಪಾಟಿನಲ್ಲಿ?

ಜಯನಗರದ ಪುಸ್ತಕದಂಗಡಿಯಲ್ಲಿ ‘ಯಂಗ್ ಅಡಲ್ಟ್’ ಎಂದು ಕೇಳಿದರೆ ಸಾಮಾನ್ಯವಾಗಿ ಇಂಗ್ಲಿಷ್ ಕಪಾಟಿನತ್ತ ಕೈತೋರಿಸುತ್ತಾರೆ. ಕನ್ನಡದಲ್ಲಿ ಮಕ್ಕಳದ್ದುಂಟು, ದೊಡ್ಡವರದ್ದುಂಟು, ನಡುವಿನದಿಲ್ಲ.

ಹಾಗೆಂದು ಪುಸ್ತಕವೇ ಇಲ್ಲವೆನ್ನಲಾಗದು. ನವ್ಯದ ದಾರಿ ಸವೆಯಿತೆಂದು 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಮುನ್ನುಡಿಯಲ್ಲಿ ಸಾರಿದ ತೇಜಸ್ವಿ 1980ರಲ್ಲಿ ‘ಕರ್ವಾಲೊ’ ಕೊಟ್ಟರು. ಹಾರುವ ಓತಿಯ ಬೆನ್ನುಹತ್ತಿದ ವಿಜ್ಞಾನಿ, ಜೇನು ಬಲ್ಲ ಮಂದಣ್ಣ, ಕಿವಿ ಎಂಬ ನಾಯಿ. ಹದಿನೈದರ ವಯಸ್ಸಿಗೆ ಇನ್ನೇನು ಬೇಕು! ನಮ್ಮ ವಿಮರ್ಶೆ ಮಾತ್ರ ಅದರಲ್ಲಿ ವಿಕಾಸವಾದವನ್ನೂ ದರ್ಶನವನ್ನೂ ಹುಡುಕಿದಷ್ಟು ಆ ಹುಡುಕಾಟದ ರೋಮಾಂಚನವನ್ನು ಲೆಕ್ಕಕ್ಕಿಡಲಿಲ್ಲ. ಹುಡುಗರಿಗೆ ಮೊದಲು ಸಿಕ್ಕಿದ್ದು ಅದೇ ಅಲ್ಲವೇ?

ನಾಳೆಯ ಬೆಂಗಳೂರನ್ನು ‘ಅಪೆಕ್ಸ್ ಸಿಟಿ’ಯೆಂದು ಕಲ್ಪಿಸಿದ ಲಾವಣ್ಯ ಲಕ್ಷ್ಮೀನಾರಾಯಣ್ ಅವರ ಇಂಗ್ಲಿಷ್ ಕಾದಂಬರಿ 2024ರಲ್ಲಿ ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಅದನ್ನು ಓದಿ ಮುಗಿಸಿದ ಹುಡುಗಿಯ ಕೈಗೆ ಮುಂದೆ ‘ಕರ್ವಾಲೊ’ ಕೊಡಿ ಎನ್ನುವ ಕನ್ನಡ ವಿಮರ್ಶೆಗಾಗಿ ನಾನು ಕಾಯುತ್ತಿದ್ದೇನೆ.