ಖಂಡಸ್ಫುಟಿತ ಜೀರ್ಣೋದ್ಧಾರ

ನಮ್ಮ ಪ್ರಾಚೀನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲೆಂದೇ ಹಿರಿಯರು ಭೂಮಿಯನ್ನು ದತ್ತಿ ಬಿಡುತ್ತಿದ್ದರು. ಕಟ್ಟಿದುದು ಕೆಡುವುದೆಂಬುದನ್ನು ಅರಿತ ವಿವೇಕವದು. ಆದರೆ ಆ ದತ್ತಿ ದೇಗುಲ ಬಸದಿಗಳಿಗೆ. ಕವಿಯ ಮನೆಗೆ ಯಾರ ದತ್ತಿ?

ಮಂಜೇಶ್ವರದ ಗೋವಿಂದ ಪೈಗಳನ್ನು (1883–1963) ಮದ್ರಾಸು ಸರಕಾರವು 1949ರಲ್ಲಿ ರಾಷ್ಟ್ರಕವಿಯೆಂದು ಗೌರವಿಸಿತು. 1956ರ ನವೆಂಬರ್ 1ರಂದು ಅವರ ಊರು ಕೇರಳಕ್ಕೆ ಸೇರಿತು. ಅವರ ನಿಧನಾನಂತರ ಗ್ರಂಥಭಂಡಾರವು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸಂದಿತು, ಮನೆಯು ಬಹುಕಾಲ ಅಲಕ್ಷ್ಯಕ್ಕೆ ಗುರಿಯಾಯಿತು. ಕೊನೆಗೆ ಅದು ಜೀರ್ಣೋದ್ಧಾರಗೊಂಡು, ಅವರ ಕವನಸಂಕಲನದ ಹೆಸರಾದ ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ.

ಕರಾವಳಿಯಲ್ಲಿ ಹಳೆಯ ಮನೆಯನ್ನು ಉಳಿಸುವುದು ಸುಲಭವಲ್ಲ. ಹಂಚೊಂದು ಸರಿದರೆ ಮಳೆನೀರಿಳಿದು ಪಕಾಸು ಕೊಳೆಯುತ್ತದೆ. ಅಶ್ವತ್ಥದ ಬೇರು ಮುರಕಲ್ಲಿನ ಸಂದನ್ನು ಸೀಳುತ್ತದೆ. ಆ ಬೇರನ್ನು ಅವಸರದಿಂದ ಎಳೆದರೆ ಗೋಡೆಯೇ ಬಂದೀತು. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ. ಆದುದರಿಂದ ಏನನ್ನು ಕಡಿಯಬೇಕು, ಏನನ್ನು ಉಳಿಸಬೇಕು ಎಂಬ ವಿವೇಚನೆಯೇ ಜೀರ್ಣೋದ್ಧಾರದ ಜೀವ.

ಪೈಗಳಲ್ಲಿ ಆ ವಿವೇಚನೆಯಿತ್ತು. 1911ರಲ್ಲಿ ಪ್ರಾಸದ ಕಟ್ಟನ್ನು ಕಡಿದವರು ಅವರೇ; ಶಾಸನ, ಕವಿಕಾಲಗಳ ಸಂಶೋಧನೆಯಲ್ಲಿ ಬಾಳನ್ನು ಸವೆಸಿದವರೂ ಅವರೇ. ಗಡಿನಾಡಿನ ಕನ್ನಡ ಶಾಲೆಯೂ ಅಂತಹದೇ ಒಂದು ಹಳೆಯ ಮನೆ. ಮಾಡಿಗೆ ಹಂಚು ಹೊದಿಸಿದರಷ್ಟೇ ಸಾಲದು. ಒಳಗೆ ಓದುವ ದನಿ ಕೇಳುತ್ತಿರಬೇಕು. ಆ ದತ್ತಿಯನ್ನು ಬಿಡಬೇಕಾದವರು ನಾವೇ.