ನಮ್ಮ ಕೈಯಾಗ ಹತ್ಯಾರ: ಒಂದು ಸಣ್ಣ ಇತಿಹಾಸ



ಹೋದ ವರ್ಷ ಜಯಂತಿ ಮೆರವಣಿಗೆ ಮುಗಿದ ಮರುದಿನ ನಮ್ಮ ಓಣಿಯ ಒಬ್ಬ ಹುಡುಗ ಮನೆಗೆ ಬಂದ. ಅಕ್ಕಲಕೋಟ ತಾಲೂಕಿನ ಅವನ ಊರಾಗ ಹೊಲದ ಬದುವಿನ ಜಗಳ. ಎರಡು ಸಲ ಧಮಕಿ ಬಂದಿತ್ತು. ಚಹಾ ಕುಡಿದು ಮೆಲ್ಲಗ ಕೇಳಿದ: “ಕಾಕಾ, ಕಡಿಮಿ ರೊಕ್ಕದಾಗ, ಅಂಗಿ ಒಳಗ ಕಾಣದಂಗ ಇಟ್ಕೊಳ್ಳೋವಂಥ ಸಣ್ಣ ಪಿಸ್ತೂಲು ಯಾವುದು ಚಲೋ? ತಂದುಕೊಡೋರು ಅದಾರಂತ.”

ನಾನು ಅವಂಗ ಬೈಲಿಲ್ಲ. ಅವನ ಅಂಜಿಕೆ ಸುಳ್ಳಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರ ಸೆಪ್ಟೆಂಬರ್ 29ರಂದು ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ಒಂದೇ ಮನೆಯ ನಾಲ್ವರನ್ನು ಕೊಂದರು. ಹಂಗಾಗಿ “ನಮ್ಮ ಕೈಯಾಗೂ ಏನಾರ ಇರಬೇಕು” ಅನ್ನೋ ಮಾತು ಹುಡುಗರ ಬಾಯಾಗ ಬರತದ. ಅವಂಗ ಆ ದಿನ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳತೀನಿ.

ಅಕ್ಕಲಕೋಟದ ಅರಮನೆಯ ಶಸ್ತ್ರಾಗಾರ ನಿಮ್ಮಲ್ಲಿ ಬಹಳ ಮಂದಿ ನೋಡೀರಿ. ಕತ್ತಿ, ಭರ್ಚಿ, ಬಂದೂಕು, ಪಿಸ್ತೂಲು ಸಾಲಾಗಿ ಇಟ್ಟಾರ. ಅವು ರಾಜರ ಹತ್ಯಾರ. ನಮ್ಮ ಹಿರಿಯರ ಕೈಯಾಗ ಇದ್ದದ್ದು ಬರೇ ಕೋಲು. ಊರ ಅಗಸಿ ಕಾಯೋದು, ಸೀಮೆ ತೋರಿಸೋದು, ಸರಕಾರಿ ಸುದ್ದಿ ಮುಟ್ಟಿಸೋದು ಅವರ ಕೆಲಸ. ಊರನ್ನು ಕಾದವರಿಗೆ ಊರೊಳಗ ಜಾಗ ಇರಲಿಲ್ಲ.

ಬಂದೂಕು ಕೈಗೆ ಬಂದದ್ದು ಕಂಪನಿ ಪಲಟಣದಾಗ. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಪೇಶ್ವೆಯ ದಂಡಿನ ಎದುರು ಕಂಪನಿಯ ಸಣ್ಣ ತುಕಡಿ ನಿಂತಿತು. ಅಲ್ಲಿಯ ಸ್ತಂಭದ ಮೇಲೆ ಸತ್ತವರ ಹೆಸರಿನೊಳಗ 22 ಮಹಾರ ಸೈನಿಕರ ಹೆಸರುಗಳು ಕೆತ್ತಲ್ಪಟ್ಟಿವೆ. ನಮ್ಮ ಜಿಲ್ಲೆಯಾಗ ಹರಿಯೋ ಭೀಮಾ ನದಿಯ ದಂಡಿ ಮ್ಯಾಲೇ ಆ ಊರು ಅದ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ಮಾನವಂದನೆ ಸಲ್ಲಿಸಿದರು.

ಪಲಟಣ ಬಂದೂಕು ಒಂದನ್ನೇ ಕೊಡಲಿಲ್ಲ, ಅಕ್ಷರವನ್ನೂ ಕೊಟ್ಟಿತು. ಬಾಬಾಸಾಹೇಬರ ತಂದೆ ಸುಭೇದಾರ ರಾಮಜಿಯವರು ಸೈನ್ಯದ ಶಾಲೆಯಲ್ಲಿ ಕಲಿಸುತ್ತಿದ್ದರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದೂ ಮಹೂ ಛಾವಣಿಯಲ್ಲಿ.

ಆದರೆ ಕೊಟ್ಟ ಕೈಯೇ ಕಸಗೊಂಡಿತು. 1878ರ ಶಸ್ತ್ರ ಕಾಯ್ದೆ ಬಂದು, ಬಿಳಿಯರಿಗೆ ವಿನಾಯಿತಿ, ಈ ದೇಶದ ಸಾಮಾನ್ಯ ಮನುಷ್ಯನಿಗೆ ಪರವಾನಗಿ ಬೇಕು ಅಂತಾಯಿತು. 1890ರ ದಶಕದಲ್ಲಿ, “ಇವರು ವೀರ ಜನಾಂಗ ಅಲ್ಲ” ಅಂತ ಹೇಳಿ ಮಹಾರರ ಸೈನ್ಯ ಭರ್ತಿ ನಿಲ್ಲಿಸಿದರು. ಶಿವರಾಮ ಜಾನಬಾ ಕಾಂಬಳೆ ಅವರಂಥವರು ಅರ್ಜಿ ಮೇಲೆ ಅರ್ಜಿ ಬರೆದರು. ಮೊದಲನೇ ಮಹಾಯುದ್ಧದಾಗ ಮಂದಿ ಬೇಕಾದಾಗ, 1917ರಲ್ಲಿ, 111ನೇ ಮಹಾರ ಪಲಟಣ ಕಟ್ಟಿದರು; ಯುದ್ಧ ತೀರಿದ ಮೇಲೆ 1921ರಲ್ಲಿ ಬರ್ಖಾಸ್ತು ಮಾಡಿದರು. ಮತ್ತೆ ಯುದ್ಧ ಬಂತು, ಬಾಬಾಸಾಹೇಬರು ಒತ್ತಾಯಿಸಿದರು, 1941ರ ಅಕ್ಟೋಬರದಲ್ಲಿ ನಮ್ಮ ಕನ್ನಡದ ಊರು ಬೆಳಗಾವಿಯಲ್ಲಿ ಮಹಾರ ರೆಜಿಮೆಂಟ್ ಹುಟ್ಟಿತು. ಬೇಕಾದಾಗ ಬಂದೂಕು, ಬ್ಯಾಡಾದಾಗ ಮತ್ತ ಕೋಲು: ಇದು ನಮ್ಮ ನೂರು ವರ್ಷದ ಕಥಿ.

ಈಗ ಮಹಾಡದ ಮಾತು. 1927ರ ಮಾರ್ಚ್ 20ರಂದು ಚವದಾರ ಕೆರೆಯ ನೀರು ಮುಟ್ಟಿ ಬಂದ ನಮ್ಮವರ ಮೇಲೆ ಲಾಠಿ ಹಿಡಿದು ಬಿದ್ದರು. ಅಲ್ಲಿ ನೆರೆದವರೊಳಗ ಸೈನ್ಯದಿಂದ ಪಿಂಚಣಿ ಪಡೆದವರು ಬಹಳ ಮಂದಿ ಇದ್ದರು. ಹೊಡೆದಾಟ ಅವರಿಗೆ ಹೊಸದಲ್ಲ. ಒಂದು ಮಾತಿಗೆ ಕಾಯುತ್ತಿದ್ದರು. ಬಾಬಾಸಾಹೇಬರು ಆ ಮಾತು ಹೇಳಲಿಲ್ಲ, ಶಾಂತವಾಗಿರಿ ಅಂದರು. ಆಮೇಲೆ ಕೋರ್ಟಿನಾಗ ವರ್ಷಾನುಗಟ್ಟಲೆ ಬಡಿದಾಡಿ 1937ರಲ್ಲಿ ಹೈಕೋರ್ಟಿನಲ್ಲಿ ಆ ಕೆರೆಯ ಖಟ್ಲೆ ಗೆದ್ದರು.

ಸಂವಿಧಾನ ಸಭೆಯಲ್ಲೂ ಈ ಪ್ರಶ್ನೆ ಎದ್ದಿತ್ತು. ಹತ್ಯಾರ ಇಟ್ಟುಕೊಳ್ಳುವ ಹಕ್ಕು 1931ರ ಕರಾಚಿ ಕಾಂಗ್ರೆಸ್ ಠರಾವಿನಲ್ಲಿತ್ತು. ಅದನ್ನು ಮೂಲಭೂತ ಹಕ್ಕಾಗಿ ಸೇರಿಸಿರಿ ಅಂತ 1948ರ ಡಿಸೆಂಬರದಲ್ಲಿ ಮಂಗಳೂರಲ್ಲಿ ಹುಟ್ಟಿದ ಎಚ್. ವಿ. ಕಾಮತರು ತಿದ್ದುಪಡಿ ತಂದರು. ಬಾಬಾಸಾಹೇಬರು ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಹತ್ಯಾರ ಕೊಂಡರೆ ರಾಜ್ಯ ನಡೆಸುವುದು ಹೇಗೆ ಅನ್ನುವುದು ಅವರ ವಾದ. ವಿಚಾರ ಮಾಡಿ ನೋಡಿರಿ: ಎಲ್ಲರಿಗೂ ಪಿಸ್ತೂಲಿನ ಹಕ್ಕು ಸಿಕ್ಕರೆ ಮೊದಲು ಕೊಳ್ಳುವವರು ಯಾರು? ರೊಕ್ಕ ಇದ್ದವರು, ಹೊಲ ಇದ್ದವರು. ನಮ್ಮ ಹುಡುಗನ ಕೈಗೆ ಒಂದು ಬಂದರೆ ಅವನ ಎದುರಿಗೆ ಹತ್ತು ಬರತಾವ.

ಹಂಗಂತ ಕಾಯ್ದೆ ನಮಗೆ ಬಾಗಿಲು ಮುಚ್ಚಿಲ್ಲ. 1959ರ ಶಸ್ತ್ರ ಕಾಯ್ದೆ ಪ್ರಕಾರ 21 ವರ್ಷ ತುಂಬಿದವರು ಪರವಾನಗಿಗೆ ಅರ್ಜಿ ಹಾಕಬಹುದು: ಸೊಲ್ಲಾಪುರ ಶಹರದಾಗ ಪೊಲೀಸ್ ಕಮಿಶನರಿಗೆ, ಹಳ್ಳಿಯವರು ಜಿಲ್ಲಾಧಿಕಾರಿಗೆ. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಇಲ್ಲ ಅನ್ನುವಂತಿಲ್ಲ ಅಂತ 14ನೇ ಕಲಂನಲ್ಲಿ ಸ್ಪಷ್ಟ ಬರೆದದ. ಇದು ನಮ್ಮಂಥವರಿಗೆ ದೊಡ್ಡ ಮಾತು.

ಇನ್ನು ಖರ್ಚು. 9 ಎಂಎಂ ಪಿಸ್ತೂಲು ಸಾಮಾನ್ಯರಿಗೆ ನಿಷೇಧ, ಸಿಗೋದು ಹೆಚ್ಚಾಗಿ.32 ಬೋರಿನದು. ಕಾನಪುರದ ಸರಕಾರಿ ಕಾರಖಾನೆ 2014ರಲ್ಲಿ ತಂದ ಹೆಣ್ಣುಮಕ್ಕಳ ‘ನಿರ್ಭೀಕ್’ ರಿವಾಲ್ವರ್ ತೂಕ 500 ಗ್ರಾಂ, ಆಗ ಅದರ ಬೆಲೆ 1,22,360 ರೂಪಾಯಿ ಇತ್ತು. ನಮ್ಮ ಬೀಡಿ ಕಟ್ಟೋ ಅವ್ವಂದಿರ ಒಂದು ವರ್ಷದ ಗಳಿಕೆಗಿಂತ ಅದು ಹೆಚ್ಚು. “ಕಡಿಮಿ ರೊಕ್ಕದ್ದು” ಅಂತ ಕೈಯಿಂದ ಕೈಗೆ ಬರೋದು ಕಳ್ಳ ಕಟ್ಟಾ. ಅದು ಸಿಡಿದರೆ ತನ್ನ ಕೈಯೇ ಹೋಗಬಹುದು. ಸಿಕ್ಕಿಬಿದ್ದರೆ, 2019ರ ತಿದ್ದುಪಡಿ ಆದ ಮೇಲೆ, ಕಡಿಮಿ ಅಂದರೂ ಎರಡು ವರ್ಷದಿಂದ ಐದು ವರ್ಷ ಜೈಲು. ನನ್ನ ಜೊತಿಗಾರ ಒಬ್ಬ ಹಿಂಗ ಸಿಕ್ಕಿಬಿದ್ದ. ಗುಂಡು ಒಂದೂ ಹಾರಲಿಲ್ಲ, ಆದರ ನೌಕರಿ ಹೋಯಿತು, ಕೋರ್ಟಿಗೆ ತಿರುಗಿ ತಿರುಗಿ ಹರೆಯ ಹೋಯಿತು. ಧಮಕಿ ಕೊಟ್ಟವರು ಆರಾಮ ಮನಿಯಾಗಿದ್ದರು.

ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಮಾತು ಅದ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ 1995ರಲ್ಲಿ ಬಂದ ನಿಯಮಗಳ 3ನೇ ನಿಯಮ ಓದಿರಿ. ದೌರ್ಜನ್ಯದ ಭಯ ಇರುವ ಪ್ರದೇಶ ಗುರುತಿಸಬೇಕು. ಅವಶ್ಯ ಬಿದ್ದರೆ ಅಲ್ಲಿಯ ದಲಿತೇತರರ ಶಸ್ತ್ರ ಪರವಾನಗಿ ರದ್ದು ಮಾಡಿ ಹತ್ಯಾರ ಜಮಾ ಮಾಡಿಸಬೇಕು. ಕಳ್ಳ ಹತ್ಯಾರ ಜಪ್ತಿ ಮಾಡಬೇಕು. ಜೀವ, ಆಸ್ತಿಯ ರಕ್ಷಣೆಗೆ ಅವಶ್ಯ ಅನ್ನಿಸಿದರೆ ದಲಿತರಿಗೆ ಪರವಾನಗಿ ಕೊಡಬೇಕು. ಇದೆಲ್ಲ ಸರಕಾರದ ಕರ್ತವ್ಯ. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಾವು ಕೇಳದಿದ್ದರೆ ಇದೆಲ್ಲ ಕಾಗದದ ಮ್ಯಾಲೇ ಉಳಿತದ.

ಆ ಹುಡುಗನಿಗೆ ಆಗ ಇಪ್ಪತ್ತು ವರ್ಷ. ಪರವಾನಗಿಯ ವಯಸ್ಸೇ ಆಗಿರಲಿಲ್ಲ. ನಮ್ಮ ಸಂಘದ ನಾಲ್ಕು ಮಂದಿ ಅವನ ಸಂಗಾಟ ಹೋಗಿ ಠಾಣೆಯಲ್ಲಿ ಧಮಕಿಯ ಫಿರ್ಯಾದಿ ಬರೆಸಿದೆವು. ಫಿರ್ಯಾದಿ ದಾಖಲು ಮಾಡಲು ಮೊದಲು ವಿಚಾರಣೆ ಬೇಕಾಗಿಲ್ಲ ಅನ್ನೋ 2018ರ ತಿದ್ದುಪಡಿಯನ್ನೂ ತೋರಿಸಬೇಕಾಯಿತು. ಹೊಲದ ಮೋಜಣಿಗೆ ಅರ್ಜಿ ಹಾಕಿದೆವು. 3ನೇ ನಿಯಮದ ಹೆಸರು ಹೇಳಿ ಜಿಲ್ಲಾಧಿಕಾರಿ ಕಚೇರಿಗೂ ಒಂದು ಅರ್ಜಿ ಕೊಟ್ಟು ಪೋಚ್ ತಗೊಂಡೆವು. ಜಗಳ ಇನ್ನೂ ಪೂರ್ತಿ ತೀರಿಲ್ಲ. ಆದರ ಧಮಕಿ ನಿಂತದ, ಹುಡುಗ ಕಾಲೇಜಿಗೆ ಹೋಗ್ತಾನ.

ತಮ್ಮಂದಿರೇ, ಧಮಕಿ ಬಂದ ದಿನ ಒಬ್ಬರೇ ಕೂತು ಪಿಸ್ತೂಲಿನ ವಿಚಾರ ಮಾಡಬ್ಯಾಡ್ರಿ. ರಾತ್ರಿ ಹನ್ನೆರಡಾದರೂ ಸರಿ, ಸಂಘದವರ ಬಾಗಿಲು ಬಡೀರಿ.

ಜೈ ಭೀಮ್.